ಪತ್ರಿಕೆ ಕೈ ಬದಲಾದರೆ ಕೇಳುವವರಾರು?

ಕೊಡಗಿನ ನಕ್ಷೆಯಲ್ಲಿ ಉತ್ತರದ ತುದಿಗೆ ಕಣ್ಣು ಹಾಯಿಸಿದರೆ ಕೊಡ್ಲಿಪೇಟೆ ಸಿಗುತ್ತದೆ. ಮಡಿಕೇರಿಯಿಂದ ಅಲ್ಲಿಗೆ ಹೋಗುವವರು ಸೋಮವಾರಪೇಟೆಯನ್ನೂ ಶನಿವಾರಸಂತೆಯನ್ನೂ ದಾಟಬೇಕು. ಊರು ಕಳೆದು ಇನ್ನಷ್ಟು ಮುಂದೆ ನಡೆದರೆ ಹಾಸನ ಜಿಲ್ಲೆ. ಬ್ರಿಟಿಷರ ಕಾಲದ ದಾಖಲೆಗಳಲ್ಲಿ ಈ ಭಾಗಕ್ಕೆ ಏಳುಸಾವಿರ ಸೀಮೆ ಎಂಬ ಹೆಸರಿತ್ತು. ಕೊಡಗು ಎಂದೊಡನೆ ಹೊರಗಿನವರ ಕಣ್ಣ ಮುಂದೆ ನಿಲ್ಲುವ ಕುಪ್ಯಚೇಲೆಯ ಚಿತ್ರ ಇಲ್ಲಿಗೆ ಅಷ್ಟಾಗಿ ಹೊಂದುವುದಿಲ್ಲ. ಇಲ್ಲಿನ ಮನೆಮಾತು ಬಹುಮಟ್ಟಿಗೆ ಕನ್ನಡ. ಕೊಡು-ಕೊಳ್ಳುವ ನಂಟು ಸಕಲೇಶಪುರ, ಅರಕಲಗೂಡುಗಳ ಕಡೆಗೂ ಹರಡಿದೆ. ಆಡಳಿತದ ಕಾಗದಗಳು ಮಾತ್ರ ಮಡಿಕೇರಿಗೇ ಹೋಗಬೇಕು.

ಇಂಥ ಗಡಿಯೂರಿನ ಸುದ್ದಿಗೆ ಒಂದು ವಿಚಿತ್ರ ಗತಿಯಿದೆ. ಆನೆಗಳ ಹಿಂಡು ಗದ್ದೆಗೆ ನುಗ್ಗಿದರೆ, ಕುಡಿಯುವ ನೀರಿನ ಕೊಳವೆ ಒಡೆದು ವಾರವಾದರೆ, ಆ ಸುದ್ದಿ ಮಡಿಕೇರಿಯ ಪತ್ರಿಕೆಯಲ್ಲಿ ಬರಬಹುದು. ರಾಜ್ಯಮಟ್ಟದ ಪತ್ರಿಕೆಗಳ ಕೊಡಗು ಪುಟದಲ್ಲಿ ನಾಲ್ಕು ಸಾಲಾಗಬಹುದು. ಹಾಸನದ ಪುಟದಲ್ಲಿ ಬರುವುದಿಲ್ಲ, ಏಕೆಂದರೆ ಜಿಲ್ಲೆಯ ಗಡಿಯೇ ಪುಟದ ಗಡಿ. ಎರಡು ಮೂರು ಪತ್ರಿಕೆಗಳು ಪೈಪೋಟಿಯಲ್ಲಿದ್ದಾಗ ಒಂದು ಬಿಟ್ಟದ್ದನ್ನು ಇನ್ನೊಂದು ಎತ್ತಿಕೊಳ್ಳುತ್ತದೆ. ಆ ಪತ್ರಿಕೆಗಳು ಒಬ್ಬನೇ ಒಡೆಯನ ಕೈ ಸೇರಿದರೆ? ಎರಡು ಹೆಸರುಗಳಿಗೆ ಒಬ್ಬನೇ ವರದಿಗಾರ, ಒಂದೇ ಬಾತ್ಮಿ, ಒಂದೇ ಮೌನ. ಹಾಗಾಗದಂತೆ ನೋಡಿಕೊಳ್ಳುವ ಹೊಣೆ ಯಾರದು? ಪತ್ರಿಕೆಯೊಂದು ಮಾರಾಟವಾಗುವಾಗ, ಅಥವಾ ಇನ್ನೊಂದರಲ್ಲಿ ವಿಲೀನವಾಗುವಾಗ, ಸರ್ಕಾರದ ಯಾವುದಾದರೂ ಬಾಗಿಲನ್ನು ತಟ್ಟಿ ಒಪ್ಪಿಗೆ ಪಡೆಯಬೇಕೆ? ಸ್ವಾತಂತ್ರ್ಯಾನಂತರದ ಭಾರತದಲ್ಲಿ ಈ ಪ್ರಶ್ನೆಯನ್ನು ಕೇಳದ ದಶಕವಿಲ್ಲ. ಉತ್ತರ ಸಿಕ್ಕ ದಶಕವೂ ಇಲ್ಲ.

ಕೊಡಗಿನಲ್ಲಿ ಪತ್ರಿಕೆ ಎಂಬುದು ಮೊದಲಿನಿಂದಲೂ ವ್ಯಾಪಾರಕ್ಕಿಂತ ಸಾರ್ವಜನಿಕ ಜೀವನದ ಮುಂದುವರಿಕೆಯಾಗಿಯೇ ಬೆಳೆಯಿತು. ಕೊಡಗಿನ ಕಾಂಗ್ರೆಸ್ ಚಳವಳಿಯ ಹಿರಿಯ, ಗಾಂಧಿವಾದಿ ಪಂದ್ಯಂಡ ಬೆಳ್ಯಪ್ಪನವರು ‘ಕೊಡಗು’ ಎಂಬ ವಾರಪತ್ರಿಕೆಯ ಮೂಲಕವೇ ಜನರನ್ನು ತಲುಪಿದವರು. 1950ರಿಂದ 1956ರವರೆಗೆ ಕೊಡಗು ‘ಸಿ’ ದರ್ಜೆಯ ರಾಜ್ಯವಾಗಿತ್ತು. ಅದಕ್ಕೆ ತನ್ನದೇ ವಿಧಾನಸಭೆ, ತನ್ನದೇ ಮುಖ್ಯಮಂತ್ರಿ ಸಿ.ಎಂ. ಪೂಣಚ್ಚ. 1956ರ ನವೆಂಬರ್ 1ರಂದು ಆ ಪುಟ್ಟ ರಾಜ್ಯ ವಿಶಾಲ ಮೈಸೂರಿನಲ್ಲಿ ವಿಲೀನವಾಯಿತು. ಸರ್ಕಾರ ಬೆಂಗಳೂರಿಗೆ ಹೋಯಿತು. ಅದರ ಮರುವರ್ಷ, 1957ರಲ್ಲಿ, ಬಿ.ಎಸ್. ಗೋಪಾಲಕೃಷ್ಣ ಅವರು ಮಡಿಕೇರಿಯಲ್ಲಿ ‘ಶಕ್ತಿ’ಯನ್ನು ಆರಂಭಿಸಿದರು. ಎರಡಕ್ಕೂ ನೇರ ಸಂಬಂಧ ಕಲ್ಪಿಸಬೇಕಾಗಿಲ್ಲ. ಆದರೂ ವಿಧಾನಸಭೆಯನ್ನು ಕಳೆದುಕೊಂಡ ಜಿಲ್ಲೆಗೆ ತನ್ನ ಕಷ್ಟ ಹೇಳಿಕೊಳ್ಳಲು ಒಂದು ಪತ್ರಿಕೆ ಬೇಕಾಗಿತ್ತು ಎಂಬುದು ಊಹಿಸಲಾರದ ಮಾತಲ್ಲ. ರಾಜ್ಯಮಟ್ಟದ ಪತ್ರಿಕೆಗಳು ಬಹು ಆವೃತ್ತಿಗಳ ಮೂಲಕ ಹಳ್ಳಿಹಳ್ಳಿ ತಲುಪುವ ಕಾಲಕ್ಕೂ ಆ ಜಿಲ್ಲಾ ಪತ್ರಿಕೆ ಉಳಿದು ಬಂದಿತು. ಅದು ಎಲ್ಲ ಜಿಲ್ಲೆಗಳಿಗೂ ಒದಗಿದ ಭಾಗ್ಯವಲ್ಲ.

ಪತ್ರಿಕೆಯನ್ನು ಆರಂಭಿಸುವವರು ಆಗ ಅನುಸರಿಸಬೇಕಾಗಿದ್ದುದು 1867ರ ಮುದ್ರಣಾಲಯ ಮತ್ತು ಪುಸ್ತಕ ನೋಂದಣಿ ಕಾಯಿದೆಯನ್ನು. ಸಿಪಾಯಿ ದಂಗೆ ಮುಗಿದು ಹತ್ತು ವರ್ಷವಾಗಿತ್ತಷ್ಟೆ. ಪತ್ರಿಕೆಯನ್ನು ಹೊರಡಿಸುವವನು ಯಾರು, ಅಚ್ಚು ಹಾಕುವವನು ಯಾರು ಎಂಬುದು ಬ್ರಿಟಿಷ್ ಸರ್ಕಾರಕ್ಕೆ ಗೊತ್ತಿರಬೇಕಾಗಿತ್ತು. ಪ್ರಕಾಶಕನೂ ಮುದ್ರಕನೂ ಜಿಲ್ಲಾ ಮ್ಯಾಜಿಸ್ಟ್ರೇಟರ ಮುಂದೆ ಘೋಷಣಾಪತ್ರ ಸಲ್ಲಿಸಬೇಕು. ಸ್ವಾತಂತ್ರ್ಯಾನಂತರ ತಿದ್ದುಪಡಿಯಾಗಿ ಮುಂದುವರಿದ ಇದೇ ಕಾಯಿದೆಯಲ್ಲಿ, ಒಡೆತನ ಬದಲಾದರೆ ಹೊಸದಾಗಿ ಘೋಷಣೆ ಮಾಡಬೇಕೆಂಬ ನಿಯಮವೂ ಇತ್ತು. ಅಂದರೆ ಕೈ ಬದಲಾವಣೆ ಸರ್ಕಾರದ ಕಣ್ಣಿಗೆ ಬೀಳುತ್ತಿತ್ತು. ಆದರೆ ಆ ಕಣ್ಣು ಹುಡುಕುತ್ತಿದ್ದುದೇ ಬೇರೆ. ನಾಳೆ ಏನಾದರೂ ಅಚ್ಚಾದರೆ ಹಿಡಿಯಬೇಕಾದವನು ಯಾರು ಎಂಬುದಷ್ಟೇ ಅದಕ್ಕೆ ಬೇಕಿತ್ತು. ಕೊಳ್ಳುತ್ತಿರುವವನ ಬಳಿ ಇದೇ ಊರಿನ ಇನ್ನೆಷ್ಟು ಪತ್ರಿಕೆಗಳಿವೆ ಎಂದು ಯಾವ ಜಿಲ್ಲಾಧಿಕಾರಿಯೂ ಕೇಳಬೇಕಾಗಿರಲಿಲ್ಲ.

ಆ ಪ್ರಶ್ನೆಯನ್ನು ಮೊದಲು ಗಂಭೀರವಾಗಿ ಕೇಳಿದ್ದು ಮೊದಲ ಪತ್ರಿಕಾ ಆಯೋಗ. ನ್ಯಾಯಮೂರ್ತಿ ಜಿ.ಎಸ್. ರಾಜಾಧ್ಯಕ್ಷರ ನೇತೃತ್ವದಲ್ಲಿ 1952ರಲ್ಲಿ ನೇಮಕವಾದ ಈ ಆಯೋಗ 1954ರಲ್ಲಿ ವರದಿ ಕೊಟ್ಟಿತು. ದೇಶದಲ್ಲಿದ್ದ 330 ದಿನಪತ್ರಿಕೆಗಳ ಲೆಕ್ಕ ತೆಗೆದು, ಕೇವಲ 5 ಮಂದಿ ಒಡೆಯರ ಕೈಯಲ್ಲಿ 29 ಪತ್ರಿಕೆಗಳೂ ಒಟ್ಟು ಪ್ರಸಾರದ ಶೇ. 31.2ರಷ್ಟೂ ಇದೆಯೆಂದು ಅದು ತೋರಿಸಿತು. 15 ಮಂದಿಯನ್ನು ಹಿಡಿದರೆ 54 ಪತ್ರಿಕೆಗಳು, ಪ್ರಸಾರದಲ್ಲಿ ಅರ್ಧ. ಒಡೆತನ ಹಂಚಿಹೋಗಬೇಕು, ಸಣ್ಣ ಪತ್ರಿಕೆಗೆ ರಕ್ಷಣೆ ಬೇಕು ಎಂಬುದು ಅದರ ನಿಲುವು. ಪತ್ರಿಕೆಗಳ ರಿಜಿಸ್ಟ್ರಾರ್ ಹುದ್ದೆ 1956ರಲ್ಲಿ ಹುಟ್ಟಿದ್ದು ಈ ಶಿಫಾರಸಿನಿಂದಲೇ. ಅದೇ ವರ್ಷದ ನಿಯಮಗಳಲ್ಲಿ ‘ನಮೂನೆ 4’ ಎಂಬುದೊಂದು ಬಂದಿತು. ಹಳೆಯ ಓದುಗರಿಗೆ ಇದು ನೆನಪಿರಬಹುದು. ಪ್ರತಿ ವರ್ಷ ಮಾರ್ಚ್ ಮೊದಲ ವಾರ ಪತ್ರಿಕೆಯ ಯಾವುದೋ ಮೂಲೆಯಲ್ಲಿ ಸಣ್ಣ ಅಕ್ಷರಗಳ ಚೌಕ: ಪ್ರಕಟವಾಗುವ ಸ್ಥಳ, ಮುದ್ರಕರ ಹೆಸರು, ಸಂಪಾದಕರ ಹೆಸರು, ಬಂಡವಾಳದಲ್ಲಿ ನೂರಕ್ಕೆ ಒಂದು ಪಾಲಿಗಿಂತ ಹೆಚ್ಚು ಇರುವವರ ಹೆಸರು. ದರಪಟ್ಟಿಗೂ ಸಿನಿಮಾ ಜಾಹೀರಾತಿಗೂ ನಡುವೆ ಸಿಕ್ಕಿಕೊಂಡ ಆ ಚೌಕವನ್ನು ಓದಿದವರು ಕಡಿಮೆ. ಪತ್ರಿಕೆ ಯಾರದು ಎಂದು ಓದುಗನಿಗೆ ಹೇಳುವ ಕಾನೂನಿನ ಒಂದು ವ್ಯವಸ್ಥೆ ದಶಕಗಳ ಕಾಲ ಅದಾಗಿತ್ತು.

ಆಯೋಗದ ಇನ್ನೊಂದು ಶಿಫಾರಸು ಹೆಚ್ಚು ಗದ್ದಲ ಎಬ್ಬಿಸಿತು. ಪತ್ರಿಕೆಯ ಅರ್ಥಶಾಸ್ತ್ರ ಇತರ ಸರಕುಗಳಂತಲ್ಲ. ಅಕ್ಕಿ ಮಾರುವವನು ಕೊಂಡ ಬೆಲೆಗಿಂತ ಕಡಿಮೆಗೆ ಬಹಳ ದಿನ ಮಾರಲಾರ. ಪತ್ರಿಕೆಯವನು ಮಾರಬಲ್ಲ, ಏಕೆಂದರೆ ಅವನಿಗೆ ಇಬ್ಬರು ಗಿರಾಕಿಗಳು: ಓದುಗ ಮತ್ತು ಜಾಹೀರಾತುದಾರ. ಓದುಗನಿಗೆ ಕಾಗದದ ಬೆಲೆಗಿಂತ ಕಡಿಮೆಗೆ ಪತ್ರಿಕೆ ಕೊಟ್ಟು, ಹೆಚ್ಚಿದ ಪ್ರಸಾರವನ್ನು ಜಾಹೀರಾತುದಾರನಿಗೆ ತೋರಿಸಿ ನಷ್ಟವನ್ನು ತುಂಬಿಕೊಳ್ಳಬಹುದು. ಹೆಚ್ಚು ಜಾಹೀರಾತು ಬಂದರೆ ಹೆಚ್ಚು ಪುಟ, ಹೆಚ್ಚು ಪುಟವಾದರೆ ಮತ್ತಷ್ಟು ಓದುಗರು. ಈ ಚಕ್ರಕ್ಕೆ ಸಿಕ್ಕ ಎಂಟಾಣೆ ಬಂಡವಾಳದ ಜಿಲ್ಲಾ ಪತ್ರಿಕೆ ಉಸಿರಾಡುವುದು ಕಷ್ಟ. ಆದ್ದರಿಂದ ಪುಟಗಳ ಸಂಖ್ಯೆಗೆ ತಕ್ಕಂತೆ ಬೆಲೆ ಇರಲಿ ಎಂದು ಆಯೋಗ ಹೇಳಿತು. 1956ರಲ್ಲಿ ದಿನಪತ್ರಿಕೆಗಳ ಬೆಲೆ ಮತ್ತು ಪುಟ ಕಾಯಿದೆ ಬಂದಿತು. 1960ರಲ್ಲಿ ಅದರ ಕೆಳಗೆ ಆದೇಶ ಹೊರಟಿತು.

ಪುಣೆಯ ಮರಾಠಿ ದಿನಪತ್ರಿಕೆ ‘ಸಕಾಳ್’ ಇದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಯಿತು. ಏಳು ನಯಾಪೈಸೆಗೆ ಮಾರುತ್ತಿದ್ದ ಪತ್ರಿಕೆ ಹೊಸ ಆದೇಶದ ಪ್ರಕಾರ ಒಂದೋ ಪುಟ ಕಡಿಮೆ ಮಾಡಬೇಕಿತ್ತು, ಇಲ್ಲವೇ ಬೆಲೆ ಏರಿಸಬೇಕಿತ್ತು. 1961ರ ಸೆಪ್ಟೆಂಬರಿನಲ್ಲಿ ನ್ಯಾಯಾಲಯ ಕಾಯಿದೆಯನ್ನೇ ಅಸಿಂಧುಗೊಳಿಸಿತು. ಎಷ್ಟು ಜನರಿಗೆ ಪತ್ರಿಕೆ ತಲುಪಿಸಬೇಕು ಎಂಬುದೂ ವಾಕ್ ಸ್ವಾತಂತ್ರ್ಯದ ಭಾಗವೇ. ಏಕಸ್ವಾಮ್ಯ ತಡೆಯುವ ಹೆಸರಿನಲ್ಲೂ ಅದನ್ನು ಮೊಟಕುಗೊಳಿಸುವಂತಿಲ್ಲ ಎಂಬುದು ತೀರ್ಪಿನ ಸಾರ. ‘ಸಕಾಳ್’ ಅಂದಿನ ದೊಡ್ಡ ಇಂಗ್ಲಿಷ್ ಪತ್ರಿಕೆಗಳ ಮುಂದೆ ಸಣ್ಣದೇ. ಸಣ್ಣವರನ್ನು ಕಾಪಾಡಲು ಬಂದ ಕಾನೂನನ್ನು ಒಂದು ಪ್ರಾದೇಶಿಕ ಭಾಷೆಯ ಪತ್ರಿಕೆಯೇ ಉರುಳಿಸಿತು ಎಂಬುದು ಈ ಚರಿತ್ರೆಯ ವಿಚಿತ್ರಗಳಲ್ಲಿ ಒಂದು.

1969ರಲ್ಲಿ ಏಕಸ್ವಾಮ್ಯ ಮತ್ತು ನಿರ್ಬಂಧಕ ವ್ಯಾಪಾರ ಪದ್ಧತಿಗಳ ಕಾಯಿದೆ ಬಂದಿತು. ದೊಡ್ಡ ಸಂಸ್ಥೆಗಳು ವಿಲೀನಕ್ಕೂ ಖರೀದಿಗೂ ಕೇಂದ್ರ ಸರ್ಕಾರದ ಮುನ್ನೊಪ್ಪಿಗೆ ಪಡೆಯಬೇಕೆಂದು ಅದು ಹೇಳಿತು. ಪತ್ರಿಕೆಗೆಂದು ಪ್ರತ್ಯೇಕ ನಿಯಮವೇನೂ ಇರಲಿಲ್ಲ. ಸಿಮೆಂಟು, ಸಕ್ಕರೆ, ಸುದ್ದಿ ಎಲ್ಲಕ್ಕೂ ಒಂದೇ ತಕ್ಕಡಿ. 1971ರಲ್ಲಿ ಪತ್ರಿಕೆಗಳ ಒಡೆತನವನ್ನು ಚದುರಿಸುವ ಯೋಜನೆಯ ಕರಡೊಂದು ಸಿದ್ಧವಾಯಿತು. ಅದು ಕಾನೂನಾಗಲಿಲ್ಲ. ಮರುವರ್ಷ ಸರ್ಕಾರ ಬೇರೆ ದಾರಿ ಹಿಡಿದು, ಆಮದು ಕಾಗದದ ನೀತಿಯ ಮೂಲಕ ಪತ್ರಿಕೆಗಳಿಗೆ ಹತ್ತು ಪುಟಗಳ ಮಿತಿ ಹಾಕಿತು. ಟೈಮ್ಸ್ ಆಫ್ ಇಂಡಿಯಾದ ಒಡೆತನದ ಬೆನೆಟ್ ಕೋಲ್ಮನ್ ಕಂಪೆನಿ ನ್ಯಾಯಾಲಯಕ್ಕೆ ಹೋಗಿ 1972ರ ಅಕ್ಟೋಬರಿನಲ್ಲಿ ಗೆದ್ದಿತು. ಐವರು ನ್ಯಾಯಮೂರ್ತಿಗಳಲ್ಲಿ ಭಿನ್ನಮತ ಬರೆದವರು ಕೆ.ಕೆ. ಮ್ಯಾಥ್ಯೂ ಒಬ್ಬರೇ. ಮಾತಿನ ಸ್ವಾತಂತ್ರ್ಯವನ್ನು ಪತ್ರಿಕೆಯ ಒಡೆಯನ ಕಡೆಯಿಂದಷ್ಟೇ ನೋಡದೆ ಸಮುದಾಯದ ಕಡೆಯಿಂದಲೂ ನೋಡಬೇಕೆಂಬುದು ಅವರ ವಾದದ ಒಲವು. ಮುಂದೆ ಎರಡನೆಯ ಪತ್ರಿಕಾ ಆಯೋಗಕ್ಕೆ ಅಧ್ಯಕ್ಷರಾದವರೂ ಅವರೇ. 1982ರ ಆ ವರದಿ, ಪತ್ರಿಕೋದ್ಯಮವನ್ನು ಇತರ ಉದ್ಯಮಗಳಿಂದ ಬಿಡಿಸಬೇಕೆಂದೂ ಬೆಲೆ-ಪುಟ ಪಟ್ಟಿಯನ್ನು ಮತ್ತೆ ತರಬೇಕೆಂದೂ ಹೇಳಿತು. ಅದನ್ನು ಜಾರಿಗೆ ತರುವ ಧೈರ್ಯ ಯಾವ ಸರ್ಕಾರಕ್ಕೂ ಬರಲಿಲ್ಲ.

ಧೈರ್ಯ ಬರದಿದ್ದುದೇ ಒಳ್ಳೆಯದಾಯಿತು ಎನ್ನುವವರೂ ಇದ್ದಾರೆ. ಅವರ ಮಾತಿಗೆ ಬಲವಾದ ಆಧಾರವಿದೆ. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರ ಫೆಬ್ರವರಿಯಲ್ಲಿ, ದೇಶದ ನಾಲ್ಕು ಸುದ್ದಿಸಂಸ್ಥೆಗಳಾದ ಪಿ.ಟಿ.ಐ., ಯು.ಎನ್.ಐ., ಹಿಂದೂಸ್ಥಾನ್ ಸಮಾಚಾರ್ ಮತ್ತು ಸಮಾಚಾರ್ ಭಾರತಿಗಳನ್ನು ಸರ್ಕಾರವೇ ಒತ್ತಾಯದಿಂದ ಸೇರಿಸಿ ‘ಸಮಾಚಾರ್’ ಎಂಬ ಒಂದೇ ಸಂಸ್ಥೆ ಮಾಡಿತು. ಕೊನೆಯ ಎರಡು ಭಾರತೀಯ ಭಾಷೆಗಳ ಪತ್ರಿಕೆಗಳಿಗೆ ಸುದ್ದಿ ಕೊಡುತ್ತಿದ್ದಂಥವು. ಭಾರತದ ಸುದ್ದಿ ಜಗತ್ತಿನ ಅತ್ಯಂತ ಪೂರ್ಣ ವಿಲೀನ ಅದು. ಒಂದೇ ಕೊಳಾಯಿಯಿಂದ ದೇಶಕ್ಕೆಲ್ಲ ನೀರು. ಅದೇ ಅವಧಿಯಲ್ಲಿ ಇಂಡಿಯನ್ ಎಕ್ಸ್‌ಪ್ರೆಸ್ ಬಳಗದ ಆಡಳಿತ ಮಂಡಳಿಯನ್ನು ಬದಲಿಸಿ ಸರ್ಕಾರಕ್ಕೆ ಬೇಕಾದವರನ್ನು ತುಂಬಲಾಯಿತು. ಬೆಂಗಳೂರಿನಿಂದ 1967ರಿಂದ ಹೊರಡುತ್ತಿದ್ದ ‘ಕನ್ನಡಪ್ರಭ’ ಆ ಬಳಗದ್ದೇ. ಕುಲದೀಪ್ ನಯ್ಯರ್ ಸಮಿತಿಯ ವಿಚಾರಣೆಯಾಗಿ, 1978ರ ಏಪ್ರಿಲ್‌ನಲ್ಲಿ ‘ಸಮಾಚಾರ್’ ಒಡೆದು ನಾಲ್ಕೂ ಸಂಸ್ಥೆಗಳು ಮತ್ತೆ ತಮ್ಮ ದಾರಿ ಹಿಡಿದವು. ಒಡೆತನಕ್ಕೆ ಒಪ್ಪಿಗೆ ಕೊಡುವ ಅಧಿಕಾರ ಸಚಿವರ ಮೇಜಿನ ಮೇಲಿದ್ದರೆ ಏನಾಗಬಹುದು ಎಂಬುದನ್ನು ಪತ್ರಿಕೆಗಳು ಆ ಎರಡು ವರ್ಷಗಳಲ್ಲಿ ಕಂಡವು. ಆ ಭಯ ಸುಳ್ಳಲ್ಲ. ಜಿಲ್ಲಾ ಪತ್ರಿಕೆಗಳ ಮಟ್ಟಿಗಂತೂ ಸರ್ಕಾರ ಬರಿಯ ತೀರ್ಪುಗಾರನಲ್ಲ, ದೊಡ್ಡ ಜಾಹೀರಾತುದಾರನೂ ಹೌದು. ಟೆಂಡರು ಪ್ರಕಟಣೆ, ಹರಾಜು ನೋಟೀಸುಗಳ ಹಣವಿಲ್ಲದೆ ಅನೇಕ ಸಣ್ಣ ಪತ್ರಿಕೆಗಳ ಕಾಗದದ ಬಿಲ್ಲು ತೀರುವುದಿಲ್ಲ.

1978ರಲ್ಲಿ ಮರುಜನ್ಮ ಪಡೆದ ಪತ್ರಿಕಾ ಮಂಡಳಿಯ ಕಾಯಿದೆಯಲ್ಲಿ ಪತ್ರಿಕೆಗಳ ಒಡೆತನ ಕೇಂದ್ರೀಕೃತವಾಗುವುದರ ಬಗ್ಗೆ ಗಮನ ಹರಿಸುವುದೂ ಅದರ ಕೆಲಸವೆಂದು ಬರೆಯಲಾಗಿತ್ತು. ಗಮನ ಹರಿಸಬಹುದು, ಛೀಮಾರಿ ಹಾಕಬಹುದು. ತಡೆಯುವ ಅಧಿಕಾರವಿರಲಿಲ್ಲ.

ಕನ್ನಡ ಪತ್ರಿಕೆಗಳು ಈ ಹೊತ್ತಿಗೆ ಬಗೆಬಗೆಯ ಒಡೆತನದಲ್ಲಿದ್ದವು. ಹುಬ್ಬಳ್ಳಿಯ ‘ಸಂಯುಕ್ತ ಕರ್ನಾಟಕ’ ಲೋಕಶಿಕ್ಷಣ ಟ್ರಸ್ಟಿನದು. 1948ರಲ್ಲಿ ಕೆ.ಎನ್. ಗುರುಸ್ವಾಮಿಯವರು ಆರಂಭಿಸಿದ ‘ಪ್ರಜಾವಾಣಿ’ ಕುಟುಂಬವೊಂದರ ಕಂಪೆನಿಯದು. 1970ರಲ್ಲಿ ಬಂದ ‘ಉದಯವಾಣಿ’ ಮಣಿಪಾಲದ ಪೈ ಬಳಗದ್ದು. ಇವೆಲ್ಲಕ್ಕಿಂತ ಬೇರೆಯಾದ ಪ್ರಯೋಗ ನಡೆದದ್ದು ಮಂಗಳೂರಿನಲ್ಲಿ. ‘ಪ್ರಜಾವಾಣಿ’ಯಲ್ಲಿ ಹೆಸರು ಮಾಡಿದ್ದ ವಡ್ಡರ್ಸೆ ರಘುರಾಮ ಶೆಟ್ಟಿ ಅವರು 1984ರಲ್ಲಿ ‘ಮುಂಗಾರು’ ತೆರೆದಾಗ ಬಂಡವಾಳಕ್ಕಾಗಿ ಉದ್ಯಮಿಗಳ ಮನೆ ಬಾಗಿಲಿಗೆ ಹೋಗದೆ ಓದುಗರ ಬಳಿಗೇ ಹೋದರು. ಷೇರು ಹಣವಾಗಿ ಜನ ಕೊಟ್ಟ ಸಣ್ಣ ಮೊತ್ತಗಳಿಂದ ದಿನಪತ್ರಿಕೆಯೊಂದು ಹುಟ್ಟಿತು. ಓದುಗನೇ ಒಡೆಯನಾದರೆ ಪತ್ರಿಕೆಯನ್ನು ಕೊಳ್ಳುವವರ ಭಯವೇ ಇರುವುದಿಲ್ಲ ಎಂಬುದು ಅದರ ಹಿಂದಿನ ಆಶಯ. ಮೊದಲ ಪತ್ರಿಕಾ ಆಯೋಗ ಕಂಡ ಕನಸನ್ನು ಸರ್ಕಾರದ ಒಂದು ಆದೇಶವೂ ಇಲ್ಲದೆ ಕರಾವಳಿಯ ಜನ ನಿಜ ಮಾಡಹೊರಟಿದ್ದರು. ಬಂಡವಾಳ ಸಾಲಲಿಲ್ಲ. ಸುಮಾರು ಒಂದು ದಶಕದ ಏಳುಬೀಳಿನ ನಂತರ ಪತ್ರಿಕೆ ನಿಂತಿತು. ಅದರಲ್ಲಿ ಪಳಗಿದ ಪತ್ರಕರ್ತರು ಬೇರೆ ಬೇರೆ ಪತ್ರಿಕೆಗಳಿಗೆ ಹಂಚಿಹೋದರು. ‘ಮುಂಗಾರು’ವನ್ನು ಯಾವ ದೊಡ್ಡ ಪತ್ರಿಕೆಯೂ ನುಂಗಲಿಲ್ಲ ಎಂಬುದನ್ನು ನೆನಪಿಡಬೇಕು. ಪತ್ರಿಕೆ ಸಾಯಲು ವಿಲೀನವೇ ಆಗಬೇಕೆಂದಿಲ್ಲ.

1991ರ ಆರ್ಥಿಕ ಸುಧಾರಣೆಗಳ ಹೊಸಗಾಳಿಯಲ್ಲಿ 1969ರ ಕಾಯಿದೆಯ ವಿಲೀನ ಸಂಬಂಧಿ ಕಲಮುಗಳನ್ನು ಕಿತ್ತುಹಾಕಲಾಯಿತು. ಅದರ ಜಾಗಕ್ಕೆ ಬರಬೇಕಾಗಿದ್ದ ಸ್ಪರ್ಧಾ ಕಾಯಿದೆಯನ್ನು ಸಂಸತ್ತು 2002ರಲ್ಲಿ ಅಂಗೀಕರಿಸಿದರೂ ಆಯೋಗದ ರಚನೆ ನ್ಯಾಯಾಲಯದ ಮೆಟ್ಟಿಲೇರಿ, 2007ರಲ್ಲಿ ತಿದ್ದುಪಡಿಯಾಗಿ, ವಿಲೀನಗಳ ಮೇಲಿನ ಕಲಮುಗಳು ಜಾರಿಗೆ ಬಂದದ್ದು 2011ರ ಜೂನ್ 1ರಂದು. ಹೀಗೆ ಸುಮಾರು 20 ವರ್ಷ ಭಾರತದಲ್ಲಿ ಯಾವ ಕಂಪೆನಿ ಯಾವ ಕಂಪೆನಿಯನ್ನು ಕೊಂಡರೂ ಸ್ಪರ್ಧೆಯ ದೃಷ್ಟಿಯಿಂದ ಮೊದಲೇ ತಡೆದು ಕೇಳುವ ಕಚೇರಿಯೇ ಇರಲಿಲ್ಲ. ಕನ್ನಡ ಪತ್ರಿಕೋದ್ಯಮದ ದೊಡ್ಡ ಮಾರಾಟ ನಡೆದದ್ದು ಸರಿಯಾಗಿ ಈ ಖಾಲಿ ಅವಧಿಯಲ್ಲಿ.

1999ರಲ್ಲಿ ಸಾರಿಗೆ ಉದ್ಯಮಿ, ಆಗ ಲೋಕಸಭಾ ಸದಸ್ಯರೂ ಆಗಿದ್ದ ವಿಜಯ ಸಂಕೇಶ್ವರ ಅವರು ‘ವಿಜಯ ಕರ್ನಾಟಕ’ವನ್ನು ಆರಂಭಿಸಿದರು. ರಾಜ್ಯದ ತುಂಬ ಓಡಾಡುವ ಲಾರಿಗಳ ಜಾಲ ಇದ್ದವರಿಗೆ ಪತ್ರಿಕೆಯ ಕಟ್ಟನ್ನು ಬೆಳಗಾಗುವುದರೊಳಗೆ ಊರು ಮುಟ್ಟಿಸುವುದು ಇತರರಷ್ಟು ಕಷ್ಟವಾಗಲಿಲ್ಲ. ಕಡಿಮೆ ಬೆಲೆ, ಹಲವು ಊರುಗಳಿಂದ ಆವೃತ್ತಿ, ಜಿಲ್ಲೆಗೊಂದು ಪುಟ. ಕೆಲವೇ ವರ್ಷಗಳಲ್ಲಿ ಅದು ಅತಿ ಹೆಚ್ಚು ಪ್ರಸಾರದ ಕನ್ನಡ ದಿನಪತ್ರಿಕೆಯಾಯಿತು. ಉಳಿದ ಪತ್ರಿಕೆಗಳೂ ಬೆಲೆ ಇಳಿಸಬೇಕಾಯಿತು, ಜಿಲ್ಲಾ ಪುಟಗಳನ್ನು ತೆರೆಯಬೇಕಾಯಿತು. ಸ್ಪರ್ಧೆಯ ಲಾಭ ಓದುಗನಿಗೆ ಕೈಗೆ ಸಿಕ್ಕಂತೆ ಕಂಡ ಕಾಲ ಅದು. ಅದೇ ಬೆಲೆ ಸಮರದ ಬಿಸಿ ಜಾಹೀರಾತಿನ ಆಸರೆಯಿಲ್ಲದ ಜಿಲ್ಲಾ ಪತ್ರಿಕೆಗಳಿಗೆ ತಟ್ಟಿತೆಂಬುದು ಬೇರೆ ಮಾತು. 1954ರ ಆಯೋಗ ಹೇಳಿದ್ದ ಚಕ್ರವೇ ಇದು.

2006ರಲ್ಲಿ ಆ ಪತ್ರಿಕೆಯನ್ನು ಹೊರಡಿಸುತ್ತಿದ್ದ ವಿಜಯಾನಂದ ಪ್ರಿಂಟರ್ಸ್ ಕಂಪೆನಿಯನ್ನು ಬೆನೆಟ್ ಕೋಲ್ಮನ್ ಕೊಂಡಿತು. 1972ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದ ಅದೇ ಬೆನೆಟ್ ಕೋಲ್ಮನ್. ಬೆಂಗಳೂರಿನ ಇಂಗ್ಲಿಷ್ ಮಾರುಕಟ್ಟೆಯಲ್ಲಿ ಆಗಲೇ ಬಲವಾಗಿ ಬೇರೂರಿದ್ದ ಸಂಸ್ಥೆಗೆ ಒಂದೇ ಸಹಿಯಲ್ಲಿ ಕನ್ನಡದ ಮೊದಲ ಸ್ಥಾನದ ಪತ್ರಿಕೆಯೂ ಸಿಕ್ಕಿತು. ಅದರ ಜೊತೆಗೆ ಬಂದ ಇಂಗ್ಲಿಷಿನ ‘ವಿಜಯ್ ಟೈಮ್ಸ್’, ಕನ್ನಡದ ‘ಉಷಾಕಿರಣ’ ಎಂಬ ಹೆಸರುಗಳು ಬೇಗನೆ ಕಣ್ಮರೆಯಾದವು. ಈ ಖರೀದಿ ಸರಿಯೇ ತಪ್ಪೇ ಎಂಬುದು ಇಲ್ಲಿನ ಪ್ರಶ್ನೆಯಲ್ಲ. ಒಂದು ಭಾಷೆಯ ಅತಿ ದೊಡ್ಡ ಪತ್ರಿಕೆ ಕೈ ಬದಲಾಯಿಸಿದಾಗ, ಇದರಿಂದ ಓದುಗನಿಗೆ, ಜಾಹೀರಾತುದಾರನಿಗೆ, ಸಣ್ಣ ಪತ್ರಿಕೆಗೆ ಏನಾಗುತ್ತದೆ ಎಂದು ಮೊದಲೇ ಕೂತು ವಿಚಾರಿಸುವ ಒಂದು ಪೀಠವೂ ದೇಶದಲ್ಲಿರಲಿಲ್ಲ.

ಮುಂದಿನ ಕಥೆಯನ್ನು ಮಾರುಕಟ್ಟೆಯ ಪರವಾದಿಗಳು ಸಂತೋಷದಿಂದ ಹೇಳುತ್ತಾರೆ. ಮಾರಿದವರು ಕೆಲವು ವರ್ಷ ಸುಮ್ಮನಿದ್ದು 2012ರ ಏಪ್ರಿಲ್ 1ರಂದು ‘ವಿಜಯವಾಣಿ’ಯೊಂದಿಗೆ ಮರಳಿ ಬಂದರು, ಪ್ರಸಾರದಲ್ಲಿ ಮತ್ತೆ ಮುಂಚೂಣಿಗೆ ಏರಿದರು. ಅಂದರೆ ಸ್ಪರ್ಧೆ ಸಾಯಲಿಲ್ಲ, ಸರ್ಕಾರ ಅಡ್ಡಬರದಿದ್ದುದೇ ಮೇಲಾಯಿತು ಎಂಬ ವಾದ. ರಾಜ್ಯಮಟ್ಟದಲ್ಲಿ ಇದು ಒಪ್ಪಬಹುದಾದ ಮಾತು. ಆದರೆ ಹಾಗೆ ಮರಳಿ ಬರಲು ಲಾರಿಗಳ ಜಾಲವೂ ಬಂಡವಾಳವೂ ಇರಬೇಕಾಯಿತು. ಸೋಮವಾರಪೇಟೆಯಲ್ಲೋ ಶನಿವಾರಸಂತೆಯಲ್ಲೋ ವಾರಪತ್ರಿಕೆಯೊಂದು ಮುಚ್ಚಿದರೆ ಅದರ ಜಾಗಕ್ಕೆ ಹೀಗೆ ಯಾರೂ ಬರುವುದಿಲ್ಲ.

2011ರ ನಂತರವಾದರೂ ಬಾಗಿಲು ತೆರೆಯಿತೆ? ತೆರೆಯಿತು, ಆದರೆ ಬಹಳ ಎತ್ತರದಲ್ಲಿ. ಕೊಳ್ಳಲ್ಪಡುವ ಕಂಪೆನಿಯ ಆಸ್ತಿ 250 ಕೋಟಿ ರೂಪಾಯಿ ಮೀರದಿದ್ದರೆ, ಅಥವಾ ವಾರ್ಷಿಕ ವಹಿವಾಟು 750 ಕೋಟಿ ಮೀರದಿದ್ದರೆ, ಸ್ಪರ್ಧಾ ಆಯೋಗಕ್ಕೆ ತಿಳಿಸಬೇಕಾಗಿಯೇ ಇಲ್ಲ ಎಂಬ ವಿನಾಯಿತಿ ಮೊದಲ ದಿನದಿಂದಲೇ ಇತ್ತು. 2024ರ ಮಾರ್ಚಿನಲ್ಲಿ ಈ ಮಿತಿಗಳನ್ನು 450 ಕೋಟಿ ಮತ್ತು 1250 ಕೋಟಿಗೆ ಏರಿಸಲಾಯಿತು. ದೂರದರ್ಶನ ಲೋಕದ ದೈತ್ಯರು ಈ ಜರಡಿಯಲ್ಲಿ ಸಿಕ್ಕಿಕೊಳ್ಳುತ್ತಾರೆ. ರಿಲಯನ್ಸ್ ಬೆಂಬಲದ ಟ್ರಸ್ಟು ನೆಟ್‌ವರ್ಕ್ 18 ಬಳಗದಲ್ಲಿ ಹಣ ಹೂಡಿದಾಗ ಆಯೋಗ 2012ರ ಮೇ ತಿಂಗಳಲ್ಲಿ ಪರಿಶೀಲಿಸಿ ಒಪ್ಪಿಗೆ ಕೊಟ್ಟಿತು. ಮುಂದೆ ‘ಕಲರ್ಸ್ ಕನ್ನಡ’ವಾದ ‘ಈಟಿವಿ ಕನ್ನಡ’ ಆ ವ್ಯವಹಾರದ ನೆರಳಿನಲ್ಲೇ ಕೈ ಬದಲಾಯಿಸಿದ್ದು. ರಿಲಯನ್ಸ್ ಮತ್ತು ಡಿಸ್ನಿಯ ಮನರಂಜನಾ ವ್ಯವಹಾರಗಳ ವಿಲೀನಕ್ಕೆ 2024ರ ಆಗಸ್ಟಿನಲ್ಲಿ ಷರತ್ತುಗಳೊಂದಿಗೆ ಒಪ್ಪಿಗೆ ಸಿಕ್ಕಿತು. ಜಿಲ್ಲಾ ಪತ್ರಿಕೆಯ ಮಾತು ಬಿಡಿ. ಅದರ ಮುದ್ರಣಯಂತ್ರ, ಕಟ್ಟಡ, ಕಾಗದದ ದಾಸ್ತಾನು, ಬರಬೇಕಾದ ಬಾಕಿ ಎಲ್ಲವನ್ನೂ ಸೇರಿಸಿದರೂ ಈ ಲೆಕ್ಕದ ಹತ್ತಿರಕ್ಕೆ ಬಾರದು. ಒಂದು ಜಿಲ್ಲೆಯ ಎಲ್ಲ ಪತ್ರಿಕೆಗಳನ್ನೂ ಒಬ್ಬನೇ ಕೊಂಡರೂ ದೆಹಲಿಯ ಆಯೋಗಕ್ಕೆ ಅದು ತಿಳಿಯಬೇಕಾದ ಅಗತ್ಯವಿಲ್ಲ.

ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2014ರ ಆಗಸ್ಟಿನಲ್ಲಿ ಮಾಧ್ಯಮ ಒಡೆತನದ ಬಗ್ಗೆ ವಿವರವಾದ ಶಿಫಾರಸು ಮಾಡಿತು. ಸುದ್ದಿಯನ್ನು ಸಾಬೂನಿನಂತೆ ನೋಡಬಾರದು, ಅಭಿಪ್ರಾಯಗಳ ವೈವಿಧ್ಯವನ್ನೂ ತೂಗಬೇಕು ಎಂಬ ಅದರ ನಿಲುವು ಸ್ವಾಗತಾರ್ಹವೇ. ಕೇಂದ್ರೀಕರಣವನ್ನು ಅಳೆಯಲು ಅದು ಹರ್ಫಿಂಡಾಲ್-ಹರ್ಷ್‌ಮನ್ ಸೂಚ್ಯಂಕವನ್ನು ಆರಿಸಿಕೊಂಡಿತು. ಲೆಕ್ಕ ಸುಲಭ: ಪ್ರತಿ ಸಂಸ್ಥೆಯ ಶೇಕಡಾ ಪಾಲನ್ನು ಅದರಿಂದಲೇ ಗುಣಿಸಿ ಎಲ್ಲವನ್ನೂ ಕೂಡಿಸುವುದು. ನಾಲ್ಕು ಪತ್ರಿಕೆಗಳು ಸಮಪಾಲು ಹೊಂದಿದ್ದರೆ 2500. ಅವುಗಳಲ್ಲಿ ಎರಡು ಸೇರಿ ಒಂದಾದರೆ 3750. ಒಂದೇ ಉಳಿದರೆ 10000. ಸಂಖ್ಯೆ ಏರಿದಷ್ಟೂ ಅಪಾಯ. ಆದರೆ ಪಾಲನ್ನು ಯಾವ ಪ್ರದೇಶದೊಳಗೆ ಲೆಕ್ಕ ಹಾಕಬೇಕು? ಒಂದು ಭಾಷೆ, ಆ ಭಾಷೆಯನ್ನು ಹೆಚ್ಚು ಜನ ಆಡುವ ರಾಜ್ಯ ಎಂದು ಟ್ರಾಯ್ ಹೇಳಿತು. ಕನ್ನಡವೆಂದರೆ ಇಡೀ ಕರ್ನಾಟಕ. ಬೀದರಿನಿಂದ ಚಾಮರಾಜನಗರದವರೆಗೆ ಒಂದೇ ಮಾರುಕಟ್ಟೆ.

ಕೊಡ್ಲಿಪೇಟೆ ಕಾಣೆಯಾಗುವುದು ಇಲ್ಲಿ. ಬೀದರಿನಲ್ಲಿ ಎಷ್ಟು ಪತ್ರಿಕೆಗಳಿದ್ದರೇನು, ಅವುಗಳಲ್ಲಿ ಶನಿವಾರಸಂತೆ ರಸ್ತೆಯ ಹೊಂಡದ ಸುದ್ದಿ ಬರುವುದಿಲ್ಲ. ಬೆಂಗಳೂರಿನ ಚಿನ್ನದಂಗಡಿಗೆ ರಾಜ್ಯದ ಯಾವ ಪತ್ರಿಕೆಯಾದರೂ ನಡೆದೀತು. ಅಜ್ಜಿಯ ವೈಕುಂಠ ಸಮಾರಾಧನೆಯ ಪ್ರಕಟಣೆ ಕೊಡುವ ಮನೆಯವರಿಗೆ, ಗಿಡ ಮಾರುವ ನರ್ಸರಿಯವನಿಗೆ, ಶಾಲೆಯ ವಾರ್ಷಿಕೋತ್ಸವದ ಫೋಟೊ ಹಿಡಿದು ನಿಂತ ಮೇಷ್ಟ್ರಿಗೆ ಸುತ್ತಲ ಹತ್ತೂರಿನವರು ಓದುವ ಪತ್ರಿಕೆಯೇ ಬೇಕು. ಅವರ ಮಾರುಕಟ್ಟೆ ಒಂದು ತಾಲ್ಲೂಕು, ಹೆಚ್ಚೆಂದರೆ ಒಂದು ಜಿಲ್ಲೆ ಮತ್ತು ಗಡಿಯಾಚೆಯ ನಾಲ್ಕಾರು ಹಳ್ಳಿ. ಸಣ್ಣ ಊರುಗಳಲ್ಲಿ ಪತ್ರಿಕೆಯ ಏಜೆಂಟರೇ ಎಷ್ಟೋ ವೇಳೆ ಅರೆಕಾಲಿಕ ವರದಿಗಾರರು, ಜಾಹೀರಾತು ಸಂಗ್ರಾಹಕರೂ ಅವರೇ. ಬೆಂಗಳೂರಿನಲ್ಲಿ ನಡೆದ ವಿಲೀನ ಅಂಥ ಊರಿಗೆ ತಲುಪುವುದು ಒಬ್ಬ ಏಜೆಂಟರ ಕೆಲಸ ಹೋಗುವ ರೂಪದಲ್ಲಿ. ಟ್ರಾಯ್‌ನ ಶಿಫಾರಸುಗಳು ಕಾನೂನಾಗದೆ ಉಳಿದವು; ಆಗಿದ್ದರೂ ಈ ಊರಿನ ಲೆಕ್ಕ ಅದರಲ್ಲಿ ಬರುತ್ತಿರಲಿಲ್ಲ.

ಪತ್ರಿಕೆಗೆಂದೇ ವಿಲೀನ ಕಾನೂನು ಮಾಡಿದ ದೇಶವೊಂದರ ಅನುಭವವನ್ನೂ ನೋಡಬಹುದು. ಬ್ರಿಟನ್ನಿನಲ್ಲಿ 1965ರಿಂದಲೇ ದೊಡ್ಡ ಪತ್ರಿಕಾ ಖರೀದಿಗೆ ಸರ್ಕಾರದ ಪ್ರತ್ಯೇಕ ಒಪ್ಪಿಗೆ ಬೇಕಾಗಿತ್ತು. 1981ರಲ್ಲಿ, ಆಗಲೇ ‘ಸನ್’ ಪತ್ರಿಕೆಯ ಒಡೆಯನಾಗಿದ್ದ ರೂಪರ್ಟ್ ಮರ್ಡಾಕ್ ‘ಟೈಮ್ಸ್’ ಮತ್ತು ‘ಸಂಡೇ ಟೈಮ್ಸ್’ ಕೊಳ್ಳಲು ಬಂದಾಗ ವ್ಯಾಪಾರ ಸಚಿವ ಜಾನ್ ಬಿಫೆನ್ ಏಕಸ್ವಾಮ್ಯ ಆಯೋಗಕ್ಕೆ ಒಪ್ಪಿಸದೆಯೇ ಒಪ್ಪಿಗೆ ಕೊಟ್ಟರು. ಪತ್ರಿಕೆಗಳು ನಷ್ಟದಲ್ಲಿವೆ, ತಡಮಾಡಿದರೆ ಮುಚ್ಚುತ್ತವೆ ಎಂಬುದು ಕಾರಣ. ದೊಡ್ಡವನಿಗೆ ಬಾಗಿಲು ತಾನಾಗಿ ತೆರೆಯಿತು. ಮೂವತ್ತು ವರ್ಷದ ನಂತರ, 2011ರಲ್ಲಿ, ಕೆಂಟ್ ಪ್ರಾಂತದ ಸ್ಥಳೀಯ ಪತ್ರಿಕಾ ಸಂಸ್ಥೆಯೊಂದು ನೆರೆಯ ಏಳು ವಾರಪತ್ರಿಕೆಗಳನ್ನು ಕೊಳ್ಳಹೊರಟಿತು. ಸ್ಥಳೀಯ ಜಾಹೀರಾತು ಒಬ್ಬರ ಕೈಗೇ ಹೋಗುತ್ತದೆ ಎಂದು ಅಧಿಕಾರಿಗಳು ಇದನ್ನು ಸ್ಪರ್ಧಾ ಆಯೋಗದ ದೀರ್ಘ ವಿಚಾರಣೆಗೆ ಒಪ್ಪಿಸಿದರು. ವಿಚಾರಣೆಯ ಖರ್ಚು ಹೊರಲಾರದೆ ಕೊಳ್ಳುವವರು ಹಿಂದೆ ಸರಿದರು. ವರ್ಷ ಮುಗಿಯುವುದರೊಳಗೆ ಅವುಗಳಲ್ಲಿ ‘ಈಸ್ಟ್ ಕೆಂಟ್ ಗೆಜೆಟ್’ ಮತ್ತು ‘ಮೆಡ್‌ವೇ ನ್ಯೂಸ್’ ಮುಚ್ಚಿದವು. ಸ್ಪರ್ಧೆಯನ್ನು ಉಳಿಸಲು ಹೋಗಿ ಸ್ಪರ್ಧಿಗಳನ್ನೇ ಕಳೆದುಕೊಂಡಂತಾಯಿತು. ಸ್ಥಳೀಯ ಪತ್ರಿಕೆಯ ವಿಲೀನವನ್ನು ವಿಚಾರಿಸುವವರು, ತಡೆದರೆ ಏನಾಗುತ್ತದೆ ಎಂಬುದನ್ನೂ ವಿಚಾರಿಸಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಆದರೆ ಅಲ್ಲಿ ಒಂದು ಪ್ರಾಂತದ ಏಳು ವಾರಪತ್ರಿಕೆಗಳನ್ನು ಕುರಿತು ಪ್ರಶ್ನೆ ಏಳಲು ಜಾಗವಾದರೂ ಇತ್ತು.

ಭಾರತದಲ್ಲಿ 1867ರ ಕಾಯಿದೆ 156 ವರ್ಷ ಬದುಕಿತು. ಅದರ ಬದಲಿಗೆ ಬಂದ 2023ರ ಪತ್ರಿಕೆ ಮತ್ತು ನಿಯತಕಾಲಿಕ ನೋಂದಣಿ ಕಾಯಿದೆ 2024ರ ಮಾರ್ಚ್ 1ರಿಂದ ಜಾರಿಗೆ ಬಂದಿದೆ. ಹೊಸದಾಗಿ ಪತ್ರಿಕೆ ಹೊರಡಿಸುವ ಕೊಡ್ಲಿಪೇಟೆಯವರೊಬ್ಬರು ಘೋಷಣಾಪತ್ರ ಹಿಡಿದು ಸೋಮವಾರಪೇಟೆ ದಾಟಿ ಮಡಿಕೇರಿಗೆ ಬಸ್ಸು ಹತ್ತಬೇಕಾಗಿಲ್ಲ. ಅರ್ಜಿಯನ್ನು ಕಂಪ್ಯೂಟರಿನ ಮೂಲಕವೇ ಸಲ್ಲಿಸಬಹುದು. ಪತ್ರಿಕೆಯ ಹೆಸರು ಬೇರೆ ಯಾರ ಬಳಿಯೂ ಇರಬಾರದು. ಒಡೆಯರು ಯಾರು, ಪ್ರಕಾಶಕರು ಯಾರು, ಎಲ್ಲಿ ಮುದ್ರಣ ಎಂಬುದನ್ನು ತುಂಬಬೇಕು, ಬದಲಾದರೆ ತಿದ್ದಿಸಬೇಕು. ಅದೇ ಒಡೆಯರ ಬಳಿ ಅದೇ ಜಿಲ್ಲೆಯಲ್ಲಿ ಇನ್ನೆಷ್ಟು ಪತ್ರಿಕೆಗಳಿವೆ ಎಂಬುದನ್ನು ನೋಡಿ ಒಪ್ಪಿಗೆ ಕೊಡುವ ಅಥವಾ ತಡೆಯುವ ಅಧಿಕಾರವನ್ನು ಈ ಕಾಯಿದೆಯೂ ಯಾರಿಗೂ ಕೊಟ್ಟಿಲ್ಲ.